ನಾಲ್ಕು ದಿನದ ದೇಣಿಗೆ ಸೈಕಲ್ ಸವಾರಿ, 310 ಕಿ.ಮೀ. ಜಲ್ಲಿ ದಾರಿ: ಗೇರ್ ಬದಲಿಸಲಾ, ಟಯರ್ ಬದಲಿಸಲಾ?

ಹೊಸಸವಾರ
ಒಂಬತ್ತು ವಾರ ಬಾಕಿ ಇದೆ. ನಾಲ್ಕು ದಿನ, ಒಟ್ಟು 310 ಕಿ.ಮೀ., ಏರು 6,200 ಮೀಟರ್. ಮುಕ್ಕಾಲು ಪಾಲು ಜಲ್ಲಿ ಮತ್ತು ಮಣ್ಣಿನ ದಾರಿ, ಗುಡ್ಡಗಾಡಿನ ಹಳ್ಳಿಗಳ ನಡುವೆ. ದೊಡ್ಡ ಬ್ಯಾಗ್ ಗಾಡಿಯಲ್ಲಿ ಬರುತ್ತದೆ. ನನ್ನ ತೂಕ 84 ಕೆ.ಜಿ., ಸೈಕಲ್ 11, ನೀರು-ಸಾಮಾನು ಸೇರಿ 5. ಮುಂದೆ ಪೆಡಲ್ ಹತ್ತಿರ 40 ಹಲ್ಲಿನ ಒಂದೇ ಚೈನ್‌ರಿಂಗ್ (ಹಲ್ಲಿನ ಚಕ್ರ), ಹಿಂದೆ 11ರಿಂದ 42 ಹಲ್ಲಿನವರೆಗಿನ ಕ್ಯಾಸೆಟ್ (ಗೇರ್ ಚಕ್ರಗಳ ಗುಚ್ಛ). ಟಯರ್ 38 ಮಿ.ಮೀ., ಒಳಗೆ ಟ್ಯೂಬ್. ಗೇರ್ ಬದಲಿಸಲೇಬೇಕಾ, ಟಯರ್ ಬದಲಿಸಲೇಬೇಕಾ? ಎರಡಕ್ಕೂ ಒಟ್ಟಿಗೆ ದುಡ್ಡು ಹಾಕುವ ಸ್ಥಿತಿ ಇಲ್ಲ. ಸಂಸ್ಥೆಗೆ ಎತ್ತಿಕೊಡಬೇಕಾದ ದೇಣಿಗೆ ಗುರಿಯಲ್ಲೂ ಅರ್ಧ ಬಾಕಿ ಇದೆ. ಹೋಗಿಬಂದವರು ಹೇಳಿ.

ಕಡಿಮೆಗೇರ್
ನಾನು 40-42ರಲ್ಲೇ ಹೋದವನು. ತಪ್ಪು ಮಾಡಿದೆ, ಈಗಲೂ ಬೇಜಾರಿದೆ. ಲೆಕ್ಕ ಹಾಕಿಯೇ ಹೇಳುತ್ತೇನೆ.

40ನ್ನು 42ರಿಂದ ಭಾಗಿಸಿದರೆ 0.95, ಅಂದರೆ ಪೆಡಲ್ ಒಂದು ಸುತ್ತಿಗೆ ಹಿಂಚಕ್ರ 0.95 ಸುತ್ತು. 38ರ ಟಯರ್ ಒಂದು ಸುತ್ತಿಗೆ ಸುಮಾರು 2.19 ಮೀಟರ್ ಉರುಳುತ್ತದೆ. ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸಿದರೆ ವೇಗ ಗಂಟೆಗೆ 7.5 ಕಿ.ಮೀ. ಒಟ್ಟು 100 ಕೆ.ಜಿ. ಭಾರವನ್ನು 12% ಏರಿನಲ್ಲಿ, ಸಡಿಲ ಜಲ್ಲಿಯ ಮೇಲೆ, ಆ ವೇಗದಲ್ಲಿ ಎಳೆಯಲು 285 ವ್ಯಾಟ್ ಹತ್ತಿರ ಬೇಕು. ಒಂದು ದಿಬ್ಬಕ್ಕೆ ಆಗಬಹುದು, ನಾಲ್ಕು ದಿನಕ್ಕಾಗದು. ಅಷ್ಟು ಶಕ್ತಿ ಇಲ್ಲದವರು 60ರ ಬದಲು 45 ಸುತ್ತಿಗೆ ಇಳಿಯುತ್ತಾರೆ. ಆಗ ಪ್ರತಿ ತುಳಿತದ ಪೂರ್ತಿ ಭಾರ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಮೂರನೇ ದಿನದ ಮಂಡಿನೋವಿಗೆ ಮೂಲ ಮೊದಲ ದಿನದ ಗೇರ್.

ಇನ್ನೊಂದು ವಿಷಯ. ಭಾರ ಗೇರ್‌ನಲ್ಲಿ ಎದ್ದು ನಿಂತು ತುಳಿಯಬೇಕಾಗುತ್ತದೆ. ಜಲ್ಲಿಯಲ್ಲಿ ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಅದು ಸುಮ್ಮನೆ ಸುತ್ತುತ್ತದೆ, ಇಳಿದು ತಳ್ಳುವುದೇ ಗತಿ. ಹಗುರ ಗೇರ್ ಇದ್ದವರಷ್ಟೇ ಕೂತೇ ಹತ್ತುತ್ತಾರೆ.

ಕ್ಯಾಸೆಟ್‌ಗೆ ಕೈ ಹಾಕಬೇಡಿ, ಮುಂದಿನ ಚೈನ್‌ರಿಂಗ್ ಒಂದನ್ನೇ 36 ಮಾಡಿ. ಅದೇ ಏರಿಗೆ, ಅದೇ 60 ಸುತ್ತಿನಲ್ಲಿ, 285ರ ಬದಲು 255 ವ್ಯಾಟ್ ಸಾಕು. 36-11ರಲ್ಲಿ 90 ಸುತ್ತಿಗೆ ಗಂಟೆಗೆ 38 ಕಿ.ಮೀ. ಮೇಲೆಯೇ ಹೋಗುತ್ತೀರಿ. ಜಲ್ಲಿ ಇಳಿಜಾರಿನಲ್ಲಿ ಅದಕ್ಕಿಂತ ಜೋರಾಗಿ ತುಳಿಯುವವರು ಯಾರೂ ಇಲ್ಲ. ನಾಲ್ಕು ಹಲ್ಲು ಕಡಿಮೆಯಾದಾಗ ಚೈನಿನಿಂದ ಒಂದು ಜೋಡಿ ಕೊಂಡಿ ತೆಗೆಯಿರಿ. ತೆಗೆಯದಿದ್ದರೆ ಸಣ್ಣ ಹಲ್ಲಿನ ಕಡೆ ಚೈನ್ ಸಡಿಲಾಗಿ, ಒರಟು ಇಳಿಜಾರಿನಲ್ಲಿ ಕಳಚುತ್ತದೆ.

ಸೀಲೆಂಟ್‌ಪ್ರಿಯ
ಗೇರ್ ಆಮೇಲೆ, ಮೊದಲು ಟಯರ್. ಟ್ಯೂಬ್ ತೆಗೆದು ಬಿಸಾಡಿ, ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದೆ ಗಾಳಿ ಹಿಡಿಯುವ ಟಯರ್) ಹಾಕಿ, ಫ್ರೇಮ್ ಎಷ್ಟು ಹಿಡಿಯುತ್ತದೋ ಅಷ್ಟು ಅಗಲ. ಫ್ರೇಮ್‌ಗೂ ಟಯರ್‌ಗೂ ನಡುವೆ ಎರಡೂ ಬದಿ ಕನಿಷ್ಠ 4 ಮಿ.ಮೀ., ಕೆಸರಿದ್ದರೆ 6 ಬೇಕು. ನನ್ನದು 45. ಮುಂದೆ 29, ಹಿಂದೆ 33 ಪಿ.ಎಸ್.ಐ. ಗಾಳಿ, ನನ್ನ ತೂಕವೂ ನಿಮ್ಮಷ್ಟೇ. ಟ್ಯೂಬ್ ಇದ್ದರೆ ಇಷ್ಟು ಕಡಿಮೆ ಗಾಳಿಯಲ್ಲಿ ಓಡಿಸಲಾಗದು. ಚೂಪು ಕಲ್ಲಿಗೆ ಬಡಿದಾಗ ಕಲ್ಲಿಗೂ ರಿಮ್‌ಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದ ಹಾಗೆ ಪಕ್ಕಪಕ್ಕ ಎರಡು ತೂತು. ಅದನ್ನು ತಪ್ಪಿಸಲು ಐದಾರು ಪಿ.ಎಸ್.ಐ. ಹೆಚ್ಚಿಗೆ ತುಂಬುತ್ತೀರಿ, ಆ ಗಟ್ಟಿತನ ದಿನವಿಡೀ ಅಂಗೈಗೆ, ಸೊಂಟಕ್ಕೆ ಹೊಡೆಯುತ್ತದೆ.

ಸೀಲೆಂಟ್, ಅಂದರೆ ಸಣ್ಣ ತೂತನ್ನು ಒಳಗಿಂದಲೇ ಮುಚ್ಚುವ ದ್ರವ, ಟಯರ್ ಒಂದಕ್ಕೆ 60 ಮಿ.ಲೀ. ಹೊಸ ಟಯರ್ ಆದರೆ 80, ಒಳಮೈ ಮೊದಲು ಸ್ವಲ್ಪ ಕುಡಿಯುತ್ತದೆ. ಹೊರಡುವ ವಾರ ವಾಲ್ವ್ ಬಿಚ್ಚಿ ಕಡ್ಡಿ ಇಳಿಸಿ ನೋಡಿ, ಒದ್ದೆಯಾಗಿ ಬರಬೇಕು. ಬಿಸಿಲಿನ ಕಾಲದಲ್ಲಿ ಎರಡು ತಿಂಗಳಿಗೇ ಒಣಗಿ ರಬ್ಬರ್ ತೊಗಟೆಯಾಗುತ್ತದೆ. ಇರುವ ಸೀಲೆಂಟಿನ ಮೇಲೆ ಬೇರೆ ಜಾತಿಯದ್ದು ಸುರಿಯಬೇಡಿ, ಕೆಲವು ಸೇರಿದರೆ ಹೆಪ್ಪುಗಟ್ಟುತ್ತವೆ. ತೂತು ಸೀಲೆಂಟಿಗೆ ಬಗ್ಗದಿದ್ದರೆ ಪ್ಲಗ್, ಅಂದರೆ ತೂತಿಗೆ ತುರುಕುವ ರಬ್ಬರ್ ಎಳೆ. ಮೊದಲು ಪ್ಲಗ್ ಚುಚ್ಚಿ, ಆಮೇಲೆ ಗಾಳಿ. ಗಾಳಿಯನ್ನು ಕೈಪಂಪಿನಲ್ಲೇ ಹೊಡೆಯಿರಿ. ಇಂಗಾಲದ ಡೈಆಕ್ಸೈಡ್ ಕಾರ್ಟ್ರಿಡ್ಜ್‌ನಿಂದ ಬರುವ ಥಂಡಿ ಗಾಳಿ ಲೇಟೆಕ್ಸ್ ಸೀಲೆಂಟನ್ನು ವಾಲ್ವ್ ಬುಡದಲ್ಲೇ ಗಟ್ಟಿಯಾಗಿಸುತ್ತದೆ.

ಎರಡುಟ್ಯೂಬ್
ಒಂದೇ ಕಡೆಯ ಕಥೆ ಹೇಳಬೇಡಿ. ಟಯರ್ ಪಕ್ಕೆ ಹರಿದರೆ ನಿಮ್ಮ ಟ್ಯೂಬ್‌ಲೆಸ್‌ಗೂ ಕೊನೆಗೆ ಹಾಕುವುದು ಟ್ಯೂಬನ್ನೇ. ಮೂರು ಕೆಲಸ ಮೊದಲೇ ಮಾಡಿಟ್ಟುಕೊಳ್ಳದವರು ಅಲ್ಲಿಯೇ ಕೂರುತ್ತಾರೆ.

ವಾಲ್ವಿನ ನಟ್ ಬೆರಳಲ್ಲಿ ಬಿಚ್ಚುವಷ್ಟೇ ಬಿಗಿ ಇರಬೇಕು. ಮನೆಯಲ್ಲಿ ಇಕ್ಕಳ ಹಾಕಿ ತಿರುಗಿಸಿದ್ದರೆ ಕಾಡಿನ ಮಧ್ಯೆ ಸೀಲೆಂಟ್ ಕೈಯಲ್ಲಿ ಅದು ಅಲ್ಲಾಡುವುದಿಲ್ಲ. ಎರಡನೆಯದು ಮುಳ್ಳು. ತಿಂಗಳುಗಟ್ಟಲೆ ಸೀಲೆಂಟ್ ಮುಚ್ಚಿಟ್ಟ ಹತ್ತಾರು ಮುಳ್ಳುಗಳು ಟಯರ್ ಒಳಗೆ ಮೊನೆ ಚಾಚಿ ಕೂತಿರುತ್ತವೆ. ಒಳಮೈ ಪೂರ್ತಿ ಬಟ್ಟೆಯಿಂದ ಸವರಿ ಒಂದೊಂದೇ ಕೀಳದೆ ಟ್ಯೂಬ್ ಹಾಕಿದರೆ ಹತ್ತು ನಿಮಿಷದಲ್ಲಿ ಮತ್ತೆ ಪಂಕ್ಚರ್. ಮೂರನೆಯದು ಟಯರ್ ಅಂಚು. ಟ್ಯೂಬ್‌ಲೆಸ್ ಅಂಚು ರಿಮ್‌ಗೆ ಅಂಟಿಕೊಂಡಿರುತ್ತದೆ. ಸುತ್ತಲೂ ಅಂಚನ್ನು ರಿಮ್ ನಡುವಿನ ತಗ್ಗಿಗೆ ತಳ್ಳಿದ ಮೇಲೇ ಟಯರ್ ಎಬ್ಬಿಸುವ ಲಿವರ್ ಹಾಕಬೇಕು. ಬಲ ಹಾಕಿದರೆ ಲಿವರ್ ಮುರಿಯುತ್ತದೆ. ನನ್ನ ಲೆಕ್ಕಕ್ಕೆ ಮೂರು ಲಿವರ್ ಹೋಗಿವೆ, ಅದಕ್ಕೇ ನಾನು ಟ್ಯೂಬ್‌ಗೆ ವಾಪಸ್ ಬಂದೆ.

ಈಗ ನನ್ನ ಚೀಲದಲ್ಲಿರುವುದು: ಟ್ಯೂಬ್ 2, ಅಂಟು ಹಚ್ಚುವ ತೇಪೆ 8, ಉಜ್ಜುವ ಕಾಗದ, ಹರಿದ ಪಕ್ಕೆಗೆ ಒಳಗಿಂದ ಇಡಲು ಹಳೇ ಟಯರಿನ 6 ಸೆಂ.ಮೀ. ತುಂಡು. ಅಂಟು ಹಚ್ಚಿ ಹೊಳಪು ಹೋಗುವವರೆಗೆ, ಐದು ನಿಮಿಷವಾದರೂ ಕಾಯಬೇಕು. ಹಸಿ ಅಂಟಿನ ಮೇಲೆ ಇಟ್ಟ ತೇಪೆ ಏಳುತ್ತದೆ. ಅಂಟಿನ ಟ್ಯೂಬ್ ಒಮ್ಮೆ ತೆರೆದರೆ ತಾನೇ ಒಣಗುತ್ತದೆ, ಸವಾರಿಗೆ ಹೊಸದನ್ನೇ ಒಯ್ಯಿರಿ. ಟಿ.ಪಿ.ಯು. (ತೆಳು ಪ್ಲಾಸ್ಟಿಕ್) ಟ್ಯೂಬ್ 50 ಗ್ರಾಂ ಸುತ್ತಮುತ್ತ ಅಂತ ಕುಣಿಯುವವರಿಗೆ: ಅದಕ್ಕೆ ಮಾಮೂಲಿ ರಬ್ಬರ್ ತೇಪೆ ಹಿಡಿಯದು, ಅದರದ್ದೇ ತೇಪೆ ಬೇಕು.

ಸೀಲೆಂಟ್‌ಪ್ರಿಯ
ಮೂರು ಲಿವರ್ ಮುರಿದದ್ದು ಟ್ಯೂಬ್‌ಲೆಸ್ ತಪ್ಪಲ್ಲ, ಅಂಚನ್ನು ತಗ್ಗಿಗೆ ತಳ್ಳದೆ ಎಳೆದ ತಪ್ಪು. ನೀವೇ ಬರೆದಿದ್ದೀರಿ. 8 ತೇಪೆ ಒಯ್ಯುವವರಿಗೆ ಎಂಟು ಸಲ ನಿಲ್ಲುವ ತಯಾರಿ ಇದೆ ಅಂತಾಯ್ತು. ಒಂದು ಪಂಕ್ಚರ್‌ಗೆ 20 ನಿಮಿಷ ಹಿಡಿಯಿರಿ.

ಎರಡುಟ್ಯೂಬ್
ಸ್ವಾಮಿ, ಗುಂಪಿನಲ್ಲಿ ಹೋಗುವಾಗ ಪಂಕ್ಚರ್ ಪಕ್ಕದವರಿಗೂ ಆಗುತ್ತದೆ. 8 ತೇಪೆ ನನ್ನೊಬ್ಬನಿಗಲ್ಲ. ಇದು ದೇಣಿಗೆ ಸವಾರಿ, ರೇಸ್ ಅಲ್ಲ.

ಲೆಕ್ಕಪತ್ರ
ಕೇಳಿದವರು ದೇಣಿಗೆ ಅರ್ಧ ಬಾಕಿ ಅಂದಿದ್ದಾರೆ, ಅದನ್ನು ಯಾರೂ ಮುಟ್ಟಿಲ್ಲ. ನಾನು ಇದರಲ್ಲಿ ಕೈ ಸುಟ್ಟುಕೊಂಡವಳು.

ಇಂಥ ಸವಾರಿಗಳಲ್ಲಿ ಎರಡು ಬಗೆ. ಒಂದರಲ್ಲಿ ಊಟ, ವಸತಿ, ಗಾಡಿ ಎಲ್ಲದರ ಖರ್ಚನ್ನು ಸವಾರರೇ ಕೊಡುತ್ತಾರೆ, ಎತ್ತಿದ ದೇಣಿಗೆ ಪೂರ್ತಿ ಸಂಸ್ಥೆಗೆ. ಇನ್ನೊಂದರಲ್ಲಿ ಸವಾರರು ನೋಂದಣಿ ಹಣ ಮಾತ್ರ ಕಟ್ಟುತ್ತಾರೆ. ಕನಿಷ್ಠ ದೇಣಿಗೆ ಗುರಿ ಇರುತ್ತದೆ, ಸವಾರಿಯ ಖರ್ಚನ್ನು ಅದರಿಂದಲೇ ಕಳೆಯುತ್ತಾರೆ. ನಿಮ್ಮದು ಯಾವುದು ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಜೊತೆಗೆ ನಾಲ್ಕು ಪ್ರಶ್ನೆ: ಗುರಿ ಮುಟ್ಟದಿದ್ದರೆ ಬಾಕಿ ಹಣ ಯಾರ ಕೈಯಿಂದ? ಯಾವ ತಾರೀಖಿಗೆ? ನಾನು ಬರಲಾಗದಿದ್ದರೆ ನೋಂದಣಿ ಹಣ ವಾಪಸ್ ಇದೆಯಾ? ಆನ್‌ಲೈನ್ ಸಂಗ್ರಹದಲ್ಲಿ ಮಧ್ಯವರ್ತಿಯ ಶುಲ್ಕ ಕಳೆದ ಮೇಲಿನ ಮೊತ್ತ ಗುರಿಗೆ ಲೆಕ್ಕವಾಗುತ್ತದಾ, ಕಳೆಯುವ ಮೊದಲಿನದಾ? ಕೊನೆಯದನ್ನು ನಾನು ಕೇಳಿರಲಿಲ್ಲ. ಗುರಿ ಮುಟ್ಟಿತು ಅಂದುಕೊಂಡಿದ್ದೆ, ಶುಲ್ಕ ಕಳೆದಾಗ ಕಮ್ಮಿ ಬಿತ್ತು, ಕೈಯಿಂದ ಕಟ್ಟಿದೆ.

ಕೊಡುವವರಿಗೂ ಮೊದಲೇ ಹೇಳಿ. ಅವರು ಕೊಡುವುದರಲ್ಲಿ ಒಂದು ಪಾಲು ನಿಮ್ಮ ವಸತಿಗೆ ಹೋಗುವುದಾದರೆ ಅದನ್ನು ಮುಚ್ಚಿಡುವುದು ಸರಿಯಲ್ಲ.

ಬೆಟ್ಟದಾರಿ
ಮೇಡಂ, ಖರ್ಚು ಕಳೆದೂ ಸಂಸ್ಥೆಗೆ ದೊಡ್ಡ ಮೊತ್ತ ಸೇರುತ್ತದೆ. ಪೂರ್ತಿ ಖರ್ಚು ಕೈಯಿಂದ ಕಟ್ಟಿ ಅಂದರೆ ದುಡ್ಡಿದ್ದವರಷ್ಟೇ ಬರುತ್ತಾರೆ. ನನ್ನಂಥವರು ಸವಾರಿಗೆ ಬಂದದ್ದೇ ಎರಡನೇ ಬಗೆಯಿಂದ. ಅದನ್ನು ಕಳ್ಳತನದ ಹಾಗೆ ಬರೆಯಬೇಡಿ.

ಲೆಕ್ಕಪತ್ರ
ಕಳ್ಳತನ ಅಂತ ನಾನು ಎಲ್ಲೂ ಬರೆದಿಲ್ಲ, ಇನ್ನೊಮ್ಮೆ ಓದಿ. ಕೊಡುವವರಿಗೆ ಹೇಳಿ ಅಂದೆ. ಹೇಳಿದರೆ ಯಾರಿಗೂ ನಷ್ಟವಿಲ್ಲ.

ಬ್ರೇಕ್‌ಪ್ಯಾಡ್
ಹತ್ತುವುದರ ಬಗ್ಗೆಯೇ ಎಲ್ಲರೂ ಬರೆಯುತ್ತಿದ್ದೀರಿ. 6,200 ಮೀಟರ್ ಹತ್ತಿದವರು ಹೆಚ್ಚುಕಡಿಮೆ ಅಷ್ಟೇ ಇಳಿಯಬೇಕು. 100 ಕೆ.ಜಿ. ಭಾರ 600 ಮೀಟರ್ ಇಳಿದರೆ 590 ಕಿಲೋಜೂಲ್ ಹತ್ತಿರ ಶಕ್ತಿ. ಜಲ್ಲಿಯಲ್ಲಿ ನಿಧಾನ ಹೋಗಬೇಕಾದ್ದರಿಂದ ಅದರ ದೊಡ್ಡ ಪಾಲು ಬ್ರೇಕಿಗೇ. ಎರಡು ಪ್ಯಾಡ್ ಜೋಡಿ ಕಳೆದುಕೊಂಡ ಮೇಲೆ ಬರೆಯುತ್ತಿದ್ದೇನೆ.

ಡಿಸ್ಕ್ ಬ್ರೇಕಿನಲ್ಲಿ ರೆಸಿನ್ (ರಾಳದ) ಪ್ಯಾಡ್ ಸದ್ದಿಲ್ಲದೆ ಹಿಡಿಯುತ್ತದೆ. ಆದರೆ ಮಳೆ, ಕೆಸರು ಸೇರಿದರೆ ಮರಳು ಕಾಗದದಲ್ಲಿ ಉಜ್ಜಿದ ಹಾಗೆ ಒಂದೇ ದಿನದಲ್ಲಿ ಮುಗಿಯಬಹುದು. ಲೋಹದ ಪ್ಯಾಡ್ ಬಾಳಿಕೆ ಜಾಸ್ತಿ, ಕಿರುಚುತ್ತದೆ. ಹಾಕುವ ಮೊದಲು ರೋಟರ್ (ಪ್ಯಾಡ್ ಹಿಡಿಯುವ ತಟ್ಟೆ) ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಅಂತ ಬರೆದಿದೆಯಾ ನೋಡಿ, ಅಂಥ ಮೆದು ರೋಟರನ್ನು ಲೋಹ ತಿಂದುಬಿಡುತ್ತದೆ. ಶಿಮಾನೋ ಪ್ಯಾಡಿನಲ್ಲಿ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ ಬದಲಿಸಬೇಕು. ನಾಲ್ಕು ದಿನದ ಸವಾರಿಗೆ 1 ಮಿ.ಮೀ.ಗಿಂತ ಕಡಿಮೆ ಇಟ್ಟುಕೊಂಡು ಹೊರಡಬೇಡಿ. ಹೊಸ ಪ್ಯಾಡನ್ನು ಮನೆಯಲ್ಲೇ ಪಳಗಿಸಿ: ಗಂಟೆಗೆ 20-25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಸಲ.

ಸೈಕಲ್ ಬಾಕ್ಸಿನಲ್ಲಿ ಕಳಿಸುವವರು ಚಕ್ರ ತೆಗೆದ ತಕ್ಷಣ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ದಾರಿಯಲ್ಲಿ ಬ್ರೇಕ್ ಲಿವರ್ ಒಮ್ಮೆ ಅದುಮಿದರೆ ಪಿಸ್ಟನ್ ಮುಂದೆ ಬಂದು, ಊರು ಮುಟ್ಟಿದಾಗ ರೋಟರ್ ಒಳಗೆ ಹೋಗುವುದಿಲ್ಲ. ಮಿನರಲ್ ಆಯಿಲ್ ಬ್ರೇಕಿಗೆ ಡಾಟ್ ಅನ್ನುವ ಬೇರೆ ಬಗೆಯ ಬ್ರೇಕ್ ದ್ರವ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳು. ರಾತ್ರಿ ಅವಸರದಲ್ಲಿ ಯಾರೋ ಕೊಟ್ಟ ಬಾಟಲಿ ಸುರಿಯಬೇಡಿ.

ಬೆಟ್ಟದಾರಿ
ಇಳಿಜಾರಿನಲ್ಲಿ ಪ್ಯಾಡ್ ತಿನ್ನುವುದು ಕೈಯ ಅಭ್ಯಾಸ. ಉದ್ದಕ್ಕೂ ಮೆಲ್ಲಗೆ ಅದುಮಿ ಹಿಡಿಯುವವರಿಗೆ ಪ್ಯಾಡ್ ಬಿಸಿಯಾಗುತ್ತದೆ, ಬೆರಳು ಮರಗಟ್ಟುತ್ತದೆ. ನೇರ ದಾರಿಯಲ್ಲಿ ಗಟ್ಟಿಯಾಗಿ ಅದುಮಿ ವೇಗ ಇಳಿಸಿ, ತಿರುವಿಗೆ ಮೊದಲೇ ಬಿಡಿ. ತಿರುವಿನೊಳಗೆ ಮುಂದಿನ ಬ್ರೇಕ್ ಹಿಡಿದರೆ ಸಡಿಲ ಜಲ್ಲಿಯಲ್ಲಿ ಮುಂಚಕ್ರ ಜಾರಿತು ಅಂತಲೇ. ಗಾಡಿ ಚಕ್ರ ಓಡಿ ಗಟ್ಟಿಯಾದ ಎರಡು ಪಟ್ಟಿಯಲ್ಲಿ ಒಂದನ್ನು ಹಿಡಿಯಿರಿ, ನಡುವಿನ ರಾಶಿ ದಾಟುವುದಾದರೆ ನೇರವಾಗಿ ದಾಟಿ. ದನ-ಕುರಿ ತಡೆಯಲು ದಾರಿಗೆ ಅಡ್ಡ ಹಾಸಿದ ಕಬ್ಬಿಣದ ಕಂಬಿಗಳಿದ್ದರೆ ಚಕ್ರ ಲಂಬವಾಗಿಯೇ ಇರಬೇಕು. ಒದ್ದೆಯಿದ್ದರೆ ಅದರ ಮೇಲೆ ಬ್ರೇಕ್ ಮುಟ್ಟಲೇಬೇಡಿ.

ಬ್ರೇಕ್‌ಪ್ಯಾಡ್
ಹಾಗಾದರೆ ನನಗೆ ಬ್ರೇಕ್ ಹಿಡಿಯಲು ಬರುವುದಿಲ್ಲ ಅಂತಲೇ ನಿಮ್ಮ ಮಾತು. ಮಳೆಯಲ್ಲಿ 20% ಇಳಿಜಾರು, ಮುಂದೆ ಹತ್ತು ಜನ. ಅಲ್ಲಿ ಬಿಟ್ಟುಬಿಟ್ಟು ಹಿಡಿಯಿರಿ ನೋಡೋಣ.

ಮೂರುಚಡ್ಡಿ
ಜಗಳ ನಿಲ್ಲಿಸಿ. ಇಂಥ ಸವಾರಿಯಿಂದ ಜನ ಅರ್ಧಕ್ಕೇ ವಾಪಸ್ ಬರುವುದು ಪೃಷ್ಠದ ಗಾಯದಿಂದ. ಒದ್ದೆ, ಉಜ್ಜಾಟ, ಬ್ಯಾಕ್ಟೀರಿಯಾ ಮೂರೂ ಸೇರಿ ಕೂದಲ ಬುಡದಲ್ಲಿ ಕುರು ಏಳುತ್ತದೆ. ಪ್ಯಾಡ್ ಇರುವ ಸೈಕಲ್ ಚಡ್ಡಿ ಮೂರು ಬೇಕು, ಗುಡ್ಡದ ತೇವದಲ್ಲಿ ಒಗೆದದ್ದು ಒಂದೇ ರಾತ್ರಿಗೆ ಒಣಗುವುದಿಲ್ಲ. ಒಳಚಡ್ಡಿ ಹಾಕಲೇಬೇಡಿ, ಅದರ ಹೊಲಿಗೆಯೇ ಮೊದಲು ಕೊಯ್ಯುವುದು. ಹೊಸ ಸೀಟಿಗೆ ಕೊನೆಯ ಆರು ವಾರದಲ್ಲಿ ಹೋಗಬೇಡಿ. ದಿನದ ಸವಾರಿ ಮುಗಿದ ಹದಿನೈದು ನಿಮಿಷದೊಳಗೆ ಚಡ್ಡಿ ಬದಲಿಸಿ, ಸೈಕಲ್ ತೊಳೆಯುವುದು ಆಮೇಲೆ. ಅಂಗೈ ಜೋಮು ಹಿಡಿದರೆ ಮಣಿಕಟ್ಟಿನ ಹತ್ತಿರದ ಅಲ್ನಾರ್ ನರ ಒತ್ತುತ್ತಿರಬಹುದು. ಹ್ಯಾಂಡಲಿಗೆ ಎರಡು ಸುತ್ತು ಟೇಪ್ ಹಾಕಿ, ಸೀಟಿನ ಮೂಗು ಕೆಳಗೆ ಬಾಗಿದೆಯಾ ನೋಡಿ. ಬಾಗಿದ್ದರೆ ಮೈಭಾರ ಪೂರ್ತಿ ಕೈಮೇಲೆ ಬರುತ್ತದೆ.

ಊಟ: ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಅಭ್ಯಾಸ ಇದ್ದರೆ ಗ್ಲೂಕೋಸ್-ಫ್ರಕ್ಟೋಸ್ ಸೇರಿಸಿ 90ರವರೆಗೆ. ಹಸಿವಾದ ಮೇಲೆ ಅಲ್ಲ, ಮೊದಲ ಗಂಟೆಯಿಂದಲೇ.

ಕಡಿಮೆಗೇರ್
ಒಂದು ಬಿಟ್ಟುಹೋಯಿತು. ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನವನ್ನು ಫ್ರೇಮ್‌ಗೆ ಹಿಡಿಸುವ ಲೋಹದ ತುಂಡು) ಒಂದು ಹೆಚ್ಚಿಗೆ ಒಯ್ಯಿರಿ. ಹಳೇ ಫ್ರೇಮ್‌ಗಳಲ್ಲಿ ಒಂದೊಂದಕ್ಕೂ ಒಂದೊಂದು ಆಕಾರ, ಗಾಡಿಯಲ್ಲಿ ಬರುವ ಮೆಕ್ಯಾನಿಕ್ ಹತ್ತಿರ ನಿಮ್ಮದು ಇರುವುದಿಲ್ಲ. ಸ್ರ್ಯಾಮ್ ಕಂಪನಿ 2019ರಲ್ಲಿ ತಂದ ಯು.ಡಿ.ಎಚ್. (ಒಂದೇ ಅಳತೆಯ ಹ್ಯಾಂಗರ್) ಬಗೆಯಾದರೆ ಸಿಗುವ ಸಾಧ್ಯತೆ ಹೆಚ್ಚು. ಅದರ ಬೋಲ್ಟ್ ಉಲ್ಟಾ ತಿರುವಿನದ್ದು, ಗೊತ್ತಿಲ್ಲದೆ ಬಿಚ್ಚಲು ಹೋಗಿ ಬಿಗಿಮಾಡುತ್ತಾರೆ. ಚೈನಿನ ಕ್ವಿಕ್ ಲಿಂಕ್ (ತುಂಡಾದ ಚೈನ್ ಜೋಡಿಸುವ ಕೊಂಡಿ) ಎರಡು ಜೊತೆಗಿರಲಿ. ಹಿಂದೆ 11 ಗೇರ್ ಇರುವ ಚೈನಿನದು 12ರದ್ದಕ್ಕೆ ಕೂರದು.

ಹೊಸಸವಾರ
ಎಲ್ಲರಿಗೂ ನಮಸ್ಕಾರ. ಗೇರ್ ಮೊದಲು ಅಂತ ನಿರ್ಧಾರ ಮಾಡಿದೆ. 36ರ ಚೈನ್‌ರಿಂಗ್ ತರಿಸುತ್ತೇನೆ, ಟಯರ್ ಸದ್ಯಕ್ಕೆ ಟ್ಯೂಬ್ ಸಮೇತ ಇರಲಿ. ನನ್ನ ಕ್ರ್ಯಾಂಕಿಗೆ (ಪೆಡಲ್ ತೋಳಿಗೆ) ಯಾವುದೇ 36 ಕೂರುತ್ತದಾ?

ಕಡಿಮೆಗೇರ್
ಕೂರದು. ಬೋಲ್ಟುಗಳು ಕೂರುವ ವೃತ್ತದ ವ್ಯಾಸ ಹೊಂದಬೇಕು. ನಾಲ್ಕು ಬೋಲ್ಟ್ ಸಮ ಅಂತರದಲ್ಲಿದ್ದರೆ ಎದುರುಬದುರು ಬೋಲ್ಟ್‌ಗಳ ನಡುಮಧ್ಯೆ ಅಳೆದರೆ ನೇರ ಸಿಗುತ್ತದೆ. ಶಿಮಾನೋ ನಾಲ್ಕು ಬೋಲ್ಟ್ 110ರಲ್ಲಿ ಅಂತರ ಸಮ ಇಲ್ಲ, ಅದಕ್ಕೆ ಆ ಕ್ರ್ಯಾಂಕಿಗೆಂದೇ ಮಾಡಿದ್ದನ್ನು ತರಿಸಿ. ಹಲ್ಲು ಒಂದು ಅಗಲ ಒಂದು ಕಿರಿದು ಇರುವ ಬಗೆಯೇ ಇರಲಿ, ಒಂಟಿ ಚೈನ್‌ರಿಂಗಿನಲ್ಲಿ ಚೈನ್ ಹಿಡಿದಿಡುವುದು ಅದೇ.

ಸೀಲೆಂಟ್‌ಪ್ರಿಯ
38ರಲ್ಲಿ ಟ್ಯೂಬ್ ಇಟ್ಟು ಹೋಗುವುದಾದರೆ ಹಿಂದೆ 45 ಪಿ.ಎಸ್.ಐ.ಗಿಂತ ಕಮ್ಮಿ ಮಾಡಬೇಡಿ. ಪ್ರತಿದಿನ ಬೆಳಿಗ್ಗೆ ಅಳೆಯಿರಿ, ಹೆಬ್ಬೆರಳಲ್ಲಿ ಒತ್ತಿ ನೋಡುವುದಲ್ಲ.

ಎರಡುಟ್ಯೂಬ್
45ರ ಮಾತು ಸರಿ. ಮುಂದೆ 40 ಸಾಕು.