ಕುಂಡದಲ್ಲಿ ತಾನಾಗಿ ಹುಟ್ಟಿದ ಈ ಸಸಿ ಯಾವುದು?

ಪ್ರಶ್ನೆ: ನಮಸ್ಕಾರ ಸರ್. ಗುಲಾಬಿ ಕುಂಡದ ಅಂಚಿನಲ್ಲಿ ಒಂದೂವರೆ ತಿಂಗಳ ಹಿಂದೆ ಮೊಳಕೆಯೊಂದು ಕಾಣಿಸಿತು. ನಾನೇನೂ ಬಿತ್ತಿರಲಿಲ್ಲ. ಈಗ ಒಂದು ಗೇಣು ಎತ್ತರ ಇದೆ. ಎಲೆ ಹುಣಸೆಯ ಹಾಗೆ ಸಣ್ಣ ಸಣ್ಣದು, ಸಂಜೆಯಾದರೆ ಮಡಚಿಕೊಳ್ಳುತ್ತದೆ. ಅದಕ್ಕೇ ಮುಟ್ಟಿದರೆ ಮುನಿ ಅಂದುಕೊಂಡೆ. ಮೊಬೈಲ್ ಆ್ಯಪ್‌ಗೆ ಫೋಟೊ ಹಾಕಿದರೆ ಒಂದು ಸಲ ಗುಲ್‌ಮೊಹರ್ ಅಂತು, ಇನ್ನೊಂದು ಸಲ ಹುಣಸೆ ಅಂತು. ಒಳ್ಳೆಯ ಗಿಡವಾದರೆ ಕೀಳೋಕೆ ಮನಸ್ಸಿಲ್ಲ. ಕೆಟ್ಟ ಕಳೆಯಾದರೆ ಇಟ್ಟುಕೊಳ್ಳೋಕೆ ಭಯ. ಏನು ಮಾಡಲಿ?

ಉತ್ತರ: ಮೇಡಂ, ಸಂಜೆ ಮಡಚೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹುಣಸೆ, ಗುಲ್‌ಮೊಹರ್, ಸುಬಾಬುಲ್ ಎಲ್ಲವೂ ರಾತ್ರಿ ಎಲೆ ಮಡಚುತ್ತವೆ. ಆ್ಯಪ್ ತಡಬಡಿಸಿದ್ದೂ ಸಹಜ, ಇಷ್ಟು ಎಳೆಯ ಸಸಿಗಳು ಮೇಲಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ನಾಲ್ಕು ವಿಷಯ ನೋಡಿ ಹೇಳಿ. ಬೆರಳು ತಾಗಿಸಿದರೆ ಎಲೆ ತಕ್ಷಣ ಮುದುಡುತ್ತದಾ? ಕಾಂಡದಲ್ಲಿ ಮುಳ್ಳು ಇದೆಯಾ? ಮೊದಲು ಬಂದ ಎಲೆಗೂ ಈಗ ಬರುವ ಎಲೆಗೂ ವ್ಯತ್ಯಾಸ ಇದೆಯಾ? ಎಲೆಯ ತೊಟ್ಟಿನ ಮೇಲೆ, ಮೊದಲ ಕವಲು ಒಡೆಯುವ ಹತ್ತಿರ, ಪುಟ್ಟ ಬಟ್ಟಲಿನಂಥ ಚುಕ್ಕೆ ಇದೆಯಾ? ಕೊನೆಯದಕ್ಕೆ ಭೂತಗನ್ನಡಿ ಹಿಡಿದು ನೋಡಿ.

ಕೇಳಿದವರು: ಮುಟ್ಟಿದರೆ ಏನೂ ಆಗಲ್ಲ ಸರ್. ಮುಳ್ಳಿಲ್ಲ. ಮೊದಲ ಎಲೆಯಲ್ಲಿ ಒಂದೇ ಕಡ್ಡಿ, ಅದರ ಎರಡೂ ಕಡೆ ಕಿರು ಎಲೆಗಳು. ಆಮೇಲೆ ಬಂದವು ಕವಲೊಡೆದಿವೆ. ಚುಕ್ಕೆ ಇದೆ! ನೀವು ಹೇಳದಿದ್ದರೆ ಏನೋ ಹುಳು ಮೊಟ್ಟೆ ಇಟ್ಟಿದೆ ಅಂದುಕೊಳ್ಳುತ್ತಿದ್ದೆ.

ಉತ್ತರ: ಹಾಗಾದರೆ ಇದು ಸುಬಾಬುಲ್. ಶಾಸ್ತ್ರೀಯ ಹೆಸರು ಲ್ಯೂಸೀನಾ ಲ್ಯೂಕೋಸೆಫಾಲಾ. ಹುಣಸೆಯಾಗಿದ್ದರೆ ಎಲೆ ಎಷ್ಟು ಬಂದರೂ ಒಂದೇ ಕಡ್ಡಿಯದು, ಕವಲೊಡೆಯುವುದಿಲ್ಲ. ಗುಲ್‌ಮೊಹರ್ ಎಲೆ ಕವಲೊಡೆಯುತ್ತದೆ, ಆದರೆ ತೊಟ್ಟಿನ ಮೇಲೆ ಆ ಬಟ್ಟಲು ಇರುವುದಿಲ್ಲ. ಆ ಬಟ್ಟಲು ರಸ ಒಸರುವ ಗ್ರಂಥಿ. ಮುಟ್ಟಿದರೆ ಮುನಿಯ ಕಾಂಡದಲ್ಲಿ ಮುಳ್ಳು ಇರುತ್ತದೆ, ಮುಟ್ಟಿದ ಕೂಡಲೇ ಮುದುಡುತ್ತದೆ.

ಇದರ ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಮೇವಿಗೆ, ಸೌದೆಗೆ ಅಂತ ಬೆಚ್ಚಗಿನ ನಾಡುಗಳಿಗೆಲ್ಲ ಜನರೇ ಒಯ್ದರು. ಅಲ್ಲಿಂದ ಕೈ ಮೀರಿತು. ವಿಶ್ವದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿ ಅಂತ ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ದು ಒಂದಿದೆ, ಅದರಲ್ಲೂ ಇದರ ಹೆಸರಿದೆ. ಕೀಳಿ, ಯೋಚನೆ ಬೇಡ.

ಇನ್ನೊಬ್ಬರು: ಸುಮ್ನೆ ಹೆದರಿಸಬೇಡಿ ಸರ್. ಬೇಗ ಬೆಳೆಯುತ್ತೆ, ನೆರಳು ಕೊಡುತ್ತೆ, ಮಣ್ಣಿಗೆ ಸಾರಜನಕವನ್ನೂ ಸೇರಿಸುತ್ತೆ. ಒಂದೇ ಗಿಡ ತಾನೇ?

ಉತ್ತರ: ನೀವು ಹೇಳಿದ ಮೂರೂ ನಿಜ. ಆ ಗುಣಗಳಿಗಾಗಿಯೇ ಅದನ್ನು ಎಲ್ಲ ಕಡೆ ನೆಟ್ಟಿದ್ದು. ಆದರೆ 'ಒಂದೇ ಗಿಡ' ಅನ್ನೋದು ಇದರ ಮಟ್ಟಿಗೆ ನಡೆಯಲ್ಲ. ಕಾಯಿ ಕಟ್ಟೋಕೆ ಇದಕ್ಕೆ ಜೊತೆ ಗಿಡ ಬೇಕಿಲ್ಲ. ಚೆನ್ನಾಗಿ ಬೆಳೆದರೆ ವರ್ಷದೊಳಗೇ ಹೂ ಬಿಡುತ್ತದೆ. ಒಂದು ಕಾಯಲ್ಲಿ ಸುಮಾರು 10ರಿಂದ 20 ಬೀಜ, ಒಂದು ಹೂಗೊಂಚಲಿಂದ ಕಾಯಿಯ ಗೊಂಚಲೇ ಇಳಿಯುತ್ತದೆ. ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ಎಲ್ಲವೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಈಗ, ಕೆಲವು ಎಷ್ಟೋ ವರ್ಷದ ಮೇಲೆ. ನೆರಳು ಬೇಕಿದ್ದರೆ ಬೇರೆ ಮರಗಳಿವೆ.

ಕೇಳಿದವರು: ಬುಡಕ್ಕೆ ಕತ್ತರಿಸಿದರೆ ಸಾಕಾ? ಮೇವು ಅಂದಿರಲ್ಲ, ಸೊಪ್ಪನ್ನು ನಮ್ಮ ಮೊಲಕ್ಕೆ ಹಾಕಬಹುದಾ?

ಉತ್ತರ: ಮೊಲಕ್ಕೆ ಬೇಡವೇ ಬೇಡ. ಇದರಲ್ಲಿ ಮಿಮೋಸಿನ್ ಎಂಬ ವಿಷದ ಅಂಶ ಇದೆ. ಮೊಲ, ಕುದುರೆಯಂಥವು ಜಾಸ್ತಿ ತಿಂದರೆ ಕೂದಲು ಉದುರುತ್ತದೆ, ಆರೋಗ್ಯವೂ ಕೆಡುತ್ತದೆ. ಕೆಲವು ಆಡು, ದನಗಳ ಹೊಟ್ಟೆಯಲ್ಲಿ ಅದನ್ನು ಮುರಿಯುವ ಸೂಕ್ಷ್ಮಜೀವಿಗಳು ಇರುತ್ತವೆ, ಅದಕ್ಕೇ ಅವುಗಳಿಗೆ ನಡೆಯುತ್ತದೆ.

ಕತ್ತರಿಸಬೇಡಿ, ಬುಡದಿಂದ ಮತ್ತೆ ಚಿಗುರುತ್ತದೆ. ತಾಯಿಬೇರು ನೇರ ಕೆಳಗಿಳಿದಿರುತ್ತದೆ. ಕುಂಡಕ್ಕೆ ಚೆನ್ನಾಗಿ ನೀರು ಹಾಕಿ, ಒಂದು ಗಂಟೆ ಬಿಟ್ಟು, ಕಾಂಡದ ಬುಡ ಹಿಡಿದು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಗುಲಾಬಿ ಬೇರು ಅಲುಗದ ಹಾಗೆ ಇನ್ನೊಂದು ಕೈಯಿಂದ ಮಣ್ಣು ಒತ್ತಿ ಹಿಡಿಯಿರಿ. ಕಿತ್ತದ್ದನ್ನು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬಹುದು, ಬೀಜ ಇಲ್ಲವಲ್ಲ.

ಬೀಜ ಗಾಳಿಗೆ ಹಾರಿ ಬರುವಂಥದ್ದಲ್ಲ. ಹೆಚ್ಚಾಗಿ ಮಣ್ಣು, ಗೊಬ್ಬರದ ಜೊತೆ ಬರುತ್ತದೆ. ಆದ್ದರಿಂದ ಆ ಕುಂಡದ ಮಣ್ಣನ್ನು ಬೇರೆಡೆ ಸುರಿಯಬೇಡಿ. ಮುಂದೆ ಮೊಳೆತದ್ದನ್ನು ಎರಡು ಎಲೆ ಇರುವಾಗಲೇ ಚಿವುಟಿ ತೆಗೆಯಿರಿ.

ಕೇಳಿದವರು (ಮರುದಿನ): ಬಂತು ಸರ್, ಬೇರು ಸಮೇತ! ಗಿಡಕ್ಕಿಂತ ಬೇರೇ ಉದ್ದ. ಆದರೆ ಬೇರಿನ ತುಂಬ ಸಣ್ಣ ಗಂಟುಗಳಿವೆ. ಬೇರುಗಂಟು ಹುಳು ಗುಲಾಬಿಗೂ ಹತ್ತಿದೆಯಾ?

ಉತ್ತರ: ಒಂದು ಗಂಟನ್ನು ಉಗುರಿನಿಂದ ಮೀಟಿ ನೋಡಿ. ಸುಲಭವಾಗಿ ಉದುರಿ, ಒಳಗೆ ನಸುಗೆಂಪು ಕಂಡರೆ ಅದು ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾದ ಮನೆ. ಹುಳು ಬಾಧೆಯಲ್ಲಿ ಬೇರೇ ಊದಿಕೊಂಡಿರುತ್ತದೆ, ಗಂಟು ಬಿಡಿಸಿ ಬರುವುದಿಲ್ಲ.

ಕೇಳಿದವರು: ಉದುರಿತು. ಒಳಗೆ ನಸುಗೆಂಪು!