ಸಹಾಯ ಬೇಕು: ಲಾವಣಿ ಹಾಡುವ ಮೇಳ, ಇತಿಹಾಸ ಹೇಳುವವರು

ನಮಸ್ಕಾರ. ನಮ್ಮ ಓದುಗರ ಬಳಗದಿಂದ ಎರಡು ತಾಸಿನ ಸಂಜೆ ಕಾರ್ಯಕ್ರಮ ಇಟ್ಟುಕೊಳ್ಳುತ್ತಿದ್ದೇವೆ. ವಿಷಯ ಹಲಗಲಿ ಬೇಡರ ಲಾವಣಿ. 1857ರಲ್ಲಿ ಕುಂಪಣಿ ಸರಕಾರ, ಅಂದರೆ ಈಸ್ಟ್ ಇಂಡಿಯಾ ಕಂಪನಿ, ಜನರ ಹತಾರ (ಆಯುಧ) ಕಸಿಯಲು ಹೊರಟಾಗ ಮುಧೋಳ ಸೀಮೆಯ ಆ ಹಳ್ಳಿ ತಿರುಗಿಬಿದ್ದ ಕಥೆ. ಪಠ್ಯದಲ್ಲಿ ಓದಿದವರು ಬಹಳ ಮಂದಿ, ಡಪ್ಪು, ಒಂಟಿ ತಂತಿಯ ತುಂತುಣಿಯ ಜೊತೆ ಕೇಳಿದವರು ಕಡಿಮೆ.

ಹೋದ ಸಲ ಎಡವಿದ್ದೇವೆ. ಭಾಷಣಕಾರರು ಮುಕ್ಕಾಲು ತಾಸು ಅಚ್ಚ ಗ್ರಾಂಥಿಕದಲ್ಲಿ ಹಾಳೆ ಓದಿದರು. ಹಾಡುವವರು ಡಪ್ಪನ್ನು ಮಡಿಲಲ್ಲಿ ಇಟ್ಟುಕೊಂಡು ಕಾದು ಕಾದು, ಕೊನೆಗೆ ಅವರಿಗೆ ಸಿಕ್ಕಿದ್ದು ಹತ್ತೇ ನಿಮಿಷ. ತಪ್ಪು ನಮ್ಮದೇ, ಸಮಯ ಮೊದಲೇ ಹೇಳಿರಲಿಲ್ಲ.

ಹಾಗಾಗಿ ಈ ಸಲ ಹಾಡೇ ಮುಂದೆ, ಮಾತು ಹಿಂದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲೇ ಹಾಡುವ ಗೀಗೀ ಮೇಳ ಯಾರಿಗಾದರೂ ಗೊತ್ತೇ? "ಶುದ್ಧ" ಮಾಡಿ ಹಾಡುವವರು ದಯವಿಟ್ಟು ಬೇಡ, ಪದದ ಜೀವವೇ ಆ ಮಾತಿನಲ್ಲಿದೆ. ಮಾತಾಡುವವರು ಸ್ಥಳೀಯ ಇತಿಹಾಸ ಬಲ್ಲವರಿರಲಿ, ಲಾವಣಿ ಏನು ಹೇಳುತ್ತದೆ, ಸರಕಾರಿ ದಾಖಲೆ ಏನು ಹೇಳುತ್ತದೆ ಎಂದು ಎದುರುಬದುರು ಇಟ್ಟು ತೋರಿಸಬೇಕು. ಈ ಲಾವಣಿಗಳನ್ನು ಮೊದಲು ಸಂಗ್ರಹಿಸಿದವರಲ್ಲಿ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೂ ಇದ್ದ, ಆ ವಿಚಿತ್ರವನ್ನೂ ಬಿಡಿಸಿ ಹೇಳಿದರೆ ಖುಷಿ.

ಇನ್ನೊಂದು ಸಂಕೋಚದ ಪ್ರಶ್ನೆ. ಸಂಭಾವನೆ ಮಾತಾಡುವಾಗ ಇಡೀ ಮೇಳಕ್ಕೆ ಒಂದೇ ಮೊತ್ತವೋ, ಹಿಮ್ಮೇಳದವರಿಗೆ ಬೇರೆಯೋ? ಪ್ರಯಾಣದ ಖರ್ಚು ಮುಂಗಡ ಕೊಡುವುದು ರೂಢಿಯೇ? ಬರೀ ಶಾಲು ಹೊದಿಸಿ ಕಳಿಸುವ ಆಲೋಚನೆ ಖಂಡಿತ ಇಲ್ಲ. ಕರೆಸಿ ಅನುಭವ ಇದ್ದವರು ತಿಳಿಸಿ. ಮೇಳದವರ ನಂಬರನ್ನು ಅವರನ್ನು ಕೇಳಿಯೇ, ಖಾಸಗಿಯಾಗಿ ಕಳಿಸಿ.