ಫುಜೈರಾ ತೀರದ ಕೆಸರಿನಲ್ಲಿರುವ ನಿಕ್ಕಲ್ ತೈಲದ್ದೋ, ಬೆಟ್ಟದ್ದೋ?

ಪ್ರಶ್ನೆ:

ನಾನು ಕುಂದಾಪುರದವನು, ಸಂಯುಕ್ತ ಅರಬ್ ಸಂಸ್ಥಾನದ ಒಂದು ಪರಿಸರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಫುಜೈರಾದ ತೈಲ ಟ್ಯಾಂಕುಗಳ ಸಾಲಿನ ಎದುರು, ಹಡಗುಗಳು ಇಂಧನ ತುಂಬಿಸಿಕೊಳ್ಳಲು ಲಂಗರು ಹಾಕುವ ಕಡೆ, ಸಮುದ್ರತಳದ ಕೆಸರನ್ನು ತೆಗೆದು ಪರೀಕ್ಷಿಸಿದ್ದೇವೆ. ಜಲಚರಗಳಿಗೆ ಹಾನಿಯಾಗುವ ಸಂಭವವಿದೆಯೆಂದು ಅಮೆರಿಕದ ಮಾರ್ಗಸೂಚಿ ಸೂಚಿಸುವ ನಿಕ್ಕಲ್ ಮಟ್ಟ ಒಂದು ಕಿಲೋ ಒಣ ಕೆಸರಿಗೆ 51.6 ಮಿಲಿಗ್ರಾಂ. ನಮ್ಮ ಹಲವು ಮಾದರಿಗಳು ಅದನ್ನು ದಾಟಿವೆ. ಕ್ರೋಮಿಯಂ ಕೂಡ ಹೆಚ್ಚಾಗಿದೆ. ಕಚ್ಚಾ ತೈಲದಲ್ಲಿ ನಿಕ್ಕಲ್ ಮತ್ತು ವನೇಡಿಯಂ ಇರುತ್ತವೆಂದು ಓದಿದ್ದೇನೆ. ಹಾಗಾದರೆ ಇದನ್ನು ತೈಲಮಾಲಿನ್ಯವೆಂದೇ ವರದಿಯಲ್ಲಿ ಬರೆಯಬಹುದೇ? ಮಾದರಿಗಳನ್ನು ಆಕ್ವಾ ರೀಜಿಯಾದಲ್ಲಿ (ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ) ಕರಗಿಸಿ ಅಳೆದಿದ್ದೇವೆ.

ಉತ್ತರ 1:

ದಯವಿಟ್ಟು ಹಾಗೆ ಬರೆಯಬೇಡಿ. ಫುಜೈರಾ ಪಟ್ಟಣದ ಬೆನ್ನಿಗೇ ಹಜರ್ ಪರ್ವತಗಳಿವೆ. ಅಲ್ಲಿರುವುದು ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಾಗರತಳವಾಗಿದ್ದು, ಬಳಿಕ ಭೂಮಿಯ ಮೇಲೆ ತಳ್ಳಲ್ಪಟ್ಟ ಕಲ್ಲು. ಅದರ ಕೆಳಪದರವಾದ ಪೆರಿಡೊಟೈಟಿನಲ್ಲಿ ಕಿಲೋಗೆ ಸುಮಾರು 2,000 ಮಿಲಿಗ್ರಾಂ ನಿಕ್ಕಲ್ ಸಹಜವಾಗಿಯೇ ಇರುತ್ತದೆ, ಕ್ರೋಮಿಯಂ ಕೂಡ ಹೆಚ್ಚುಕಡಿಮೆ ಅಷ್ಟೇ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿಯನ್ನು ಕಂಡವರಿಗೆ ಈ ಜಾತಿಯ ಕಲ್ಲು ಅಪರಿಚಿತವಲ್ಲ. ವರ್ಷದ ಬಹುಕಾಲ ಒಣಗಿರುವ ಅಲ್ಲಿನ ಹಳ್ಳಗಳು, ಅಂದರೆ ವಾದಿಗಳು, ಒಂದು ಜೋರು ಮಳೆ ಬಂದರೆ ಸಾಕು, ಆ ಕಲ್ಲಿನ ಪುಡಿಯನ್ನು ನೇರವಾಗಿ ಸಮುದ್ರಕ್ಕೆ ತಂದು ಹಾಕುತ್ತವೆ. ತೈಲದಲ್ಲಿ ಕ್ರೋಮಿಯಂ ಗಣನೆಗೆ ಬರುವಷ್ಟು ಇರುವುದಿಲ್ಲವಾದ್ದರಿಂದ, ನಿಕ್ಕಲ್ ಮತ್ತು ಕ್ರೋಮಿಯಂ ಜೊತೆಜೊತೆಯಾಗಿ ಏರಿದ್ದರೆ ಮೊದಲು ಬೆಟ್ಟವನ್ನೇ ಅನುಮಾನಿಸಬೇಕು. ನೀವು ಉಲ್ಲೇಖಿಸಿದ ಮಾರ್ಗಸೂಚಿಯನ್ನು 1995ರಲ್ಲಿ ಪ್ರಕಟಿಸಿದವರೇ, ನಿಕ್ಕಲ್‌ನ ಮಟ್ಟಕ್ಕೂ ಹಾನಿಗೂ ಇರುವ ನಂಟು ದುರ್ಬಲವೆಂದು ಒಪ್ಪಿಕೊಂಡಿದ್ದಾರೆ.

ಉತ್ತರ 2:

ಮೇಲಿನ ಮಾತಿಗೆ ಒಂದು ಸರಳ ಲೆಕ್ಕವನ್ನು ಸೇರಿಸುತ್ತೇನೆ. ಹಡಗುಗಳಲ್ಲಿ ಹೆಚ್ಚಾಗಿ ಬಳಸುವ ಒಂದು ದರ್ಜೆಯ ಭಾರ ಇಂಧನ ತೈಲಕ್ಕೆ ಅಂತರರಾಷ್ಟ್ರೀಯ ಮಾನದಂಡವು ಕಿಲೋಗೆ 350 ಮಿಲಿಗ್ರಾಂ ವನೇಡಿಯಂ ಮಿತಿಯನ್ನು ಹಾಕಿದೆ. ಆ ಮಿತಿಯಷ್ಟೂ ವನೇಡಿಯಂ ಇರುವ ತೈಲ ಕೆಸರಿನ ತೂಕದ ಶೇ. 1ರಷ್ಟು ಬೆರೆತರೂ ಕೆಸರಿನ ವನೇಡಿಯಂ ಏರುವುದು ಕಿಲೋಗೆ 3.5 ಮಿಲಿಗ್ರಾಂ ಮಾತ್ರ. ನಿಕ್ಕಲ್ ಇನ್ನೂ ಕಡಿಮೆ, ಏಕೆಂದರೆ ಆ ಭಾಗದ ತೈಲಗಳಲ್ಲಿ ಸಾಮಾನ್ಯವಾಗಿ ನಿಕ್ಕಲ್‌ಗಿಂತ ವನೇಡಿಯಂ ಅಧಿಕ. ಅಷ್ಟು ತೈಲ ಬೆರೆತ ಕೆಸರನ್ನು ಬಾಟಲಿಯ ಮುಚ್ಚಳ ತೆರೆದ ಕೂಡಲೇ ಮೂಗು ಗುರುತಿಸುತ್ತದೆ, ಯಂತ್ರ ಬೇಕಿಲ್ಲ. ಆದ್ದರಿಂದ ತೈಲೋದ್ಯಮ ಬಿಟ್ಟುಹೋಗುವ ಲೋಹವನ್ನು ತೈಲದಲ್ಲಿ ಹುಡುಕುವುದಕ್ಕಿಂತ ಉದ್ಯಮದ ಉಳಿದ ಕೆಲಸಗಳಲ್ಲಿ ಹುಡುಕುವುದು ಲೇಸು. ಹಡಗಿನ ತಳಕ್ಕೆ ಬಳಿಯುವ ಬಣ್ಣದ ತಾಮ್ರ (ಟಿನ್ ಸಂಯುಕ್ತಗಳ ಬಣ್ಣಕ್ಕೆ 2008ರಲ್ಲಿ ಜಾಗತಿಕ ನಿಷೇಧ ಬಂದ ಮೇಲೆ ಇದರದೇ ಕಾರುಬಾರು), ತುಕ್ಕು ಕೆರೆಯುವಾಗ ಉದುರುವ ಪುಡಿ, ತೈಲಬಾವಿ ಕೊರೆಯುವಲ್ಲಿ ಬಳಸುವ ಬ್ಯಾರೈಟ್ ಖನಿಜದ ಬೇರಿಯಂ ಇತ್ಯಾದಿ. ಫುಜೈರಾದಲ್ಲಿ ಕೊರೆಯುವ ಕೆಲಸವಲ್ಲ, ದಾಸ್ತಾನು ಮತ್ತು ಸಾಗಣೆ ಮುಖ್ಯವಾದ್ದರಿಂದ, ನಾನಾಗಿದ್ದರೆ ಮೊದಲು ತಾಮ್ರ ಮತ್ತು ಸತುವಿನ ಅಂಕಿಗಳನ್ನೇ ನೋಡುತ್ತಿದ್ದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಪೆರಿಡೊಟೈಟಿನಲ್ಲಿ ವನೇಡಿಯಂ ಕಡಿಮೆಯಿದ್ದು ತೈಲದಲ್ಲಿ ಹೆಚ್ಚಿರುವುದಾದರೆ, ವನೇಡಿಯಂ ಒಂದನ್ನೇ ತೈಲದ ಗುರುತಾಗಿ ಹಿಡಿಯಬಹುದಲ್ಲವೇ?

ಉತ್ತರ 1:

ಅಲ್ಲಿಯೂ ಎಡವುವ ಸಂಭವವಿದೆ. ಅದೇ ಪರ್ವತಸಾಲಿನಲ್ಲಿ ಪೆರಿಡೊಟೈಟಿನ ಜೊತೆಗೆ ಗ್ಯಾಬ್ರೊ ಮತ್ತು ಬಸಾಲ್ಟ್ ಎಂಬ ಕಲ್ಲುಗಳೂ ಇವೆ. ಇವುಗಳಲ್ಲಿ ವನೇಡಿಯಂ ಧಾರಾಳವಾಗಿರುತ್ತದೆ. ಆದ್ದರಿಂದ ಬಂದರಿನಿಂದ ದೂರದ ವಾದಿಗಳ ತಳದಿಂದಲೂ ಮಾದರಿ ತೆಗೆದು, ಎರಡೂ ಕಡೆಯ ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ಸೋಸಿ, ಪ್ರತಿ ಲೋಹದ ಪ್ರಮಾಣವನ್ನೂ ಕಲ್ಲು-ಜೇಡಿಯಿಂದಲೇ ಬರುವ ಅಲ್ಯೂಮಿನಿಯಂನ ಪ್ರಮಾಣದಿಂದ ಭಾಗಿಸಿ ಹೋಲಿಸಿರಿ. ಆಕ್ವಾ ರೀಜಿಯಾ ಕಲ್ಲಿನ ಮುಖ್ಯ ಖನಿಜಗಳಾದ ಸಿಲಿಕೇಟುಗಳನ್ನು ಪೂರ್ಣವಾಗಿ ಕರಗಿಸುವುದಿಲ್ಲ, ಕ್ರೋಮೈಟನ್ನಂತೂ ಬಹುತೇಕ ಮುಟ್ಟುವುದೇ ಇಲ್ಲ. ಹೀಗಾಗಿ ನಿಮ್ಮ ಅಲ್ಯೂಮಿನಿಯಂ ಅಂಕಿಯೇ ಕಡಿಮೆ ಬಂದಿದ್ದು, ಅನುಪಾತ ಹುಸಿಯಾಗಿ ಏರಿ ಕಂಡೀತು. ಹೈಡ್ರೋಫ್ಲೋರಿಕ್ ಆಮ್ಲದಿಂದ ಒಟ್ಟು ಪ್ರಮಾಣವನ್ನೂ, ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಲಭವಾಗಿ ಬಿಡುವ ಭಾಗವನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಪೆರಿಡೊಟೈಟಿನ ಮುಖ್ಯ ಖನಿಜವಾದ ಒಲಿವಿನ್ ಹರಳಿನೊಳಗೆ ಸಿಕ್ಕಿಕೊಂಡಿರುವ ನಿಕ್ಕಲ್ ಚಿಪ್ಪುಜೀವಿಗಳಿಗೆ ಅಷ್ಟು ಸುಲಭವಾಗಿ ದಕ್ಕುವುದಿಲ್ಲ.

ಉತ್ತರ 2:

ಅಬುಧಾಬಿಯ ತೈಲಪ್ರದೇಶವಾದ ಹಬ್ಶಾನ್‌ನಿಂದ ಫುಜೈರಾಕ್ಕೆ ಕಚ್ಚಾ ತೈಲದ ಕೊಳವೆಮಾರ್ಗ ಆರಂಭವಾದದ್ದು 2012ರಲ್ಲಿ. ಕೆಸರಿನ ಉದ್ದ ಕಂಬವೊಂದನ್ನು ತೆಗೆದು, ಸುಮಾರು 22 ವರ್ಷ ಅರ್ಧಾಯುವಿರುವ ವಿಕಿರಣಶೀಲ ಸೀಸ-210ರಿಂದ ಪದರಗಳ ಕಾಲವನ್ನು ನಿಗದಿಪಡಿಸಿದರೆ, ಆ ವರ್ಷದ ಕೆಳಗೂ ಮೇಲೂ ಏನಾದರೂ ಬದಲಾಗಿದೆಯೇ ಎಂಬುದು ತಿಳಿದೀತು. ಆದರೆ ಲಂಗರುಗಳು ತಳವನ್ನು ಕಲಕುವ ಜಾಗದಲ್ಲಿ ಪದರ ಉಳಿಯುವುದಿಲ್ಲ. ಕಂಬವನ್ನು ಲಂಗರಿನ ವಲಯದಿಂದ ಹೊರಗೆ, ಮರಳಿಗಿಂತ ಜೇಡಿ ಹೆಚ್ಚಿರುವ ಕಡೆ ತೆಗೆಯಿರಿ.